ಬೆದರಿಕೆ ಹಾಕಿ ‘ಸುಮ್ನೆ ತಮಾಷೆಗೆ’ ಅಂತ ಸೇರಿಸಿದರೆ ಕೇಸಿನಿಂದ ಪಾರಾಗಬಹುದಾ?

ಇಲ್ಲ. ಆ ಒಂದು ಸಾಲಿನಿಂದ ರಕ್ಷಣೆ ಸಿಗುವುದಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ನೋಡುವುದು ಉದ್ದೇಶವನ್ನು: ಎದುರಿನವರನ್ನು ಹೆದರಿಸಲು, ಅಥವಾ ಹೆದರಿಸಿ ಏನಾದರೂ ಮಾಡಿಸಲು ಹೊರಟಿದ್ದಿರಾ? ಇದನ್ನು ಕೋರ್ಟು ಇಡೀ ಸಂದರ್ಭದಿಂದ ಅಳೆಯುತ್ತದೆ. ಇಬ್ಬರ ನಡುವೆ ಮೊದಲೇ ಜಗಳವಿತ್ತಾ, ಎಷ್ಟು ಸಲ ಕಳಿಸಿದ್ದೀರಿ, ಅವರ ಮನೆ ವಿಳಾಸ ಹಾಕಿದ್ದೀರಾ, ಎಲ್ಲ ಲೆಕ್ಕಕ್ಕೆ ಬರುತ್ತದೆ. ‘ತಮಾಷೆಗೆ’ ಅನ್ನುವುದೂ ಅದರಲ್ಲಿ ಒಂದು ಸಾಕ್ಷಿ, ಅಷ್ಟೇ. ಸಾಮಾನ್ಯ ಬೆದರಿಕೆಗೆ 2 ವರ್ಷದವರೆಗೆ ಜೈಲಾಗಬಹುದು. ಕೊಲ್ಲುತ್ತೇನೆ ಅಂದಿದ್ದರೆ 7 ವರ್ಷದವರೆಗೆ. ಹೆಸರು ಮರೆಸಿ ಕಳಿಸಿದರೆ ಅದಕ್ಕೇ ಇನ್ನೂ 2 ವರ್ಷದವರೆಗೆ ಜಾಸ್ತಿ.

ನಿಜವಾದ ತಮಾಷೆಯೂ ಇರುತ್ತದೆ ಅಲ್ವಾ? ಇರುತ್ತದೆ. 2010ರಲ್ಲಿ ಇಂಗ್ಲೆಂಡಿನ ಒಬ್ಬ ಯುವಕ, ಹಿಮದಿಂದ ಮುಚ್ಚಿದ್ದ ವಿಮಾನ ನಿಲ್ದಾಣವನ್ನು ಸ್ಫೋಟಿಸುತ್ತೇನೆ ಅಂತ ಟ್ವೀಟ್ ಮಾಡಿದ. ಕೆಳಗಿನ ಕೋರ್ಟು ದಂಡ ಹಾಕಿತು, ಕೆಲಸವೂ ಹೋಯಿತು. 2012ರಲ್ಲಿ ಹೈಕೋರ್ಟ್ ಆ ತೀರ್ಪು ರದ್ದು ಮಾಡಿತು. ಓದಿದವರಿಗೆ ಅದು ಬೆದರಿಕೆ ಅನ್ನಿಸುವಂತಿರಲಿಲ್ಲ ಅನ್ನುವುದು ಕಾರಣ. ಗೆದ್ದರೂ ಎರಡು ವರ್ಷ ಕೋರ್ಟಿಗೆ ಅಲೆದದ್ದು ವಾಪಸ್ ಬರಲಿಲ್ಲ.