ಕಾರ್ಖಾನೆಯಲ್ಲಿ ಕಲಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ಎರಡನೇ ವರ್ಷದಲ್ಲಿದ್ದೇನೆ. ಆನ್ ದ ಜಾಬ್ ಟ್ರೈನಿಂಗ್‌ಗೆಂದು ಹೋದ ಕಾರ್ಖಾನೆಯಲ್ಲಿ ದಿನವಿಡೀ ಡಬ್ಬಗಳಿಗೆ ಲೇಬಲ್ ಅಂಟಿಸುವ ಕೆಲಸ ಕೊಡುತ್ತಾರೆ, ಹಣವನ್ನೂ ಕೊಡುವುದಿಲ್ಲ. ಅಪ್ರೆಂಟಿಸ್ ಆಗಿರುವ ನನ್ನ ಅಣ್ಣನಿಗೆ ಪ್ರತಿ ತಿಂಗಳೂ ಹಣ ಬರುತ್ತದೆ. ಈ ವ್ಯತ್ಯಾಸವೇಕೆ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮದು ಐಟಿಐ ಪಠ್ಯಕ್ರಮದ ಒಂದು ಭಾಗ. 2022ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಂತೆ ವರ್ಷಕ್ಕೆ 150 ಗಂಟೆಗಳನ್ನು ಹತ್ತಿರದ ಉದ್ದಿಮೆಯಲ್ಲಿ ಕಳೆಯಬೇಕು. ಉದ್ದಿಮೆ ಸಿಗದ ಕಡೆ ಅದರ ಬದಲು ಗುಂಪು ಪ್ರಾಜೆಕ್ಟ್ ಮಾಡಬೇಕು. ನಿಮ್ಮ ಅಣ್ಣನದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದವಾದ ತರಬೇತಿ. ಆ ಕಾಯ್ದೆಯೂ ಅವರನ್ನು ಕಾರ್ಮಿಕರೆಂದು ಕರೆಯುವುದಿಲ್ಲ, ಕಲಿಯಲು ಬಂದವರೆಂದೇ ಎಣಿಸುತ್ತದೆ. ಹಾಗಾಗಿ ಅವರಿಗೆ ಬರುವುದು ಸಂಬಳವಲ್ಲ, ಸ್ಟೈಪೆಂಡ್. ಆದರೂ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದೇ ಎಂದು ಅದೇ ಕಾಯ್ದೆ ಹೇಳುತ್ತದೆ.

ಹಣಕ್ಕಿಂತ ನಮಗೆ ಚಿಂತೆ ತಂದದ್ದು ನಿಮ್ಮ ಲೇಬಲ್ ಕೆಲಸ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ 150 ಗಂಟೆ ಎಂದರೆ ಹತ್ತೊಂಬತ್ತು ದಿನವೂ ತುಂಬುವುದಿಲ್ಲ. ಒಂದು ದಿನ ಲೇಬಲ್ ಅಂಟಿಸಿದರೆ ಮಾಲು ಹೇಗೆ ಹೊರಡುತ್ತದೆಂಬುದು ತಿಳಿದೀತು. ಎರಡನೇ ವಾರವೂ ಅದನ್ನೇ ಮಾಡಿಸುವುದು ತರಬೇತಿಯಲ್ಲ, ಬಿಟ್ಟಿ ದುಡಿಮೆ. ಯಾವ ವಿಭಾಗದಲ್ಲಿ ಎಷ್ಟು ಹೊತ್ತು ಏನು ಮಾಡಿದಿರಿ ಎಂಬುದನ್ನು ದಿನವೂ ಬರೆದಿಟ್ಟು ನಿಮ್ಮ ತರಬೇತಿ ಅಧಿಕಾರಿಗಳಿಗೆ ತೋರಿಸಿ, ಒಮ್ಮೆ ಕಾರ್ಖಾನೆಗೆ ಬಂದು ಮಾತನಾಡುವಂತೆ ಕೇಳಿಕೊಳ್ಳಿ. ಯಂತ್ರ ಮುಟ್ಟಲು ಬಿಡದಿದ್ದರೂ ತಪಾಸಣೆಯ ಮೇಜಿನ ಬಳಿ ಕೆಲವು ದಿನ ಇರಲು ಅವಕಾಶ ಕೇಳಿ. ಐಟಿಐಯಲ್ಲಿ ಒಂದೇ ಜಾಬನ್ನು (ಅಭ್ಯಾಸಕ್ಕೆ ಕೊಟ್ಟ ಲೋಹದ ತುಂಡನ್ನು) ವಾರಗಟ್ಟಲೆ ಅರ ಹಾಕಿ ಅಳೆಯುವ ನಿಮಗೆ, ಒಂದೇ ಅಳತೆಯ ನೂರಾರು ಬಿಡಿಭಾಗಗಳನ್ನು ಗೇಜ್ ಹಿಡಿದು ಸರಸರನೆ ವಿಂಗಡಿಸುವ ಆ ಮೇಜು ಕಲಿಸುವಷ್ಟನ್ನು ಬೇರೆ ಜಾಗ ಕಲಿಸುವುದು ಕಷ್ಟ.

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಟರ್ನರ್ (ಲೇತ್ ಕೆಲಸದ) ವಿಭಾಗದ ಕಿರಿಯ ತರಬೇತಿ ಅಧಿಕಾರಿ. ಎರಡು ವಾರ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಘಟಕವೊಂದಕ್ಕೆ ಹೋಗಿ ಕಲಿತು ಬನ್ನಿ ಎಂದಿದ್ದಾರೆ. ಅಲ್ಲಿ ಯಂತ್ರವನ್ನು ಕೆಲಸಕ್ಕೆ ಹೊಂದಿಸಿಕೊಡುವ ಸೆಟ್ಟರ್ ನನ್ನ ಹಳೆಯ ವಿದ್ಯಾರ್ಥಿ. ಸಂಕೋಚವಾಗುತ್ತಿದೆ.
– ತರಬೇತಿ ಅಧಿಕಾರಿ, ತುಮಕೂರು

ಉತ್ತರ: ಸಂಕೋಚ ಸಹಜ, ಆದರೆ ಹಳೆಯ ಶಿಷ್ಯ ಸಿಕ್ಕಿರುವುದು ನಿಮ್ಮ ಅದೃಷ್ಟವೆಂದೇ ನಮ್ಮ ಎಣಿಕೆ, ಏಕೆಂದರೆ ಅಪರಿಚಿತ ಸೆಟ್ಟರ್ ಹೊರಗಿನವರಿಗೆ ಹೇಳಲು ಹಿಂಜರಿಯುವುದನ್ನು ಆತ ಗುರುಗಳಿಗೆ ಹೇಳಿಯಾನು. ಅತಿಥಿಯಂತೆ ಸುತ್ತಿ ಬರಬೇಡಿ. ಒಂದೇ ಯಂತ್ರದ ಬಳಿ ಪೂರ್ತಿ ಪಾಳಿ ನಿಲ್ಲಿ. ಟೂಲ್ ಸವೆದಂತೆ ಅಳತೆ ಹೇಗೆ ಜಾರುತ್ತದೆ, ಆಫ್‌ಸೆಟ್ ಅನ್ನು (ಟೂಲ್‌ಗಾಗಿ ಯಂತ್ರದಲ್ಲಿ ನಮೂದಿಸುವ ಹೊಂದಾಣಿಕೆಯ ಅಳತೆಯನ್ನು) ಯಾವಾಗ ಎಷ್ಟು ತಿದ್ದುತ್ತಾರೆ ಎಂಬುದನ್ನು ಪುಸ್ತಕ ಓದಿ ಪಾಠ ಮಾಡುವುದು ಬೇರೆ, ಕಂಡು ಬಂದು ಹೇಳುವುದು ಬೇರೆ. ಗ್ರಾಹಕರ ಡ್ರಾಯಿಂಗುಗಳ ಫೋಟೊ ಮಾತ್ರ ತೆಗೆಯಬೇಡಿ. ಮರಳುವಾಗ, ಅನುಮತಿ ಸಿಕ್ಕರೆ, ರಿಜೆಕ್ಟ್ ಆದ ಹತ್ತು ಬಿಡಿಭಾಗಗಳನ್ನು ಕೇಳಿ ತನ್ನಿ. ಪ್ರತಿಯೊಂದೂ ಏಕೆ ಕೆಟ್ಟಿತೆಂದು ಆ ಸೆಟ್ಟರ್‌ನಿಂದಲೇ ಚೀಟಿ ಬರೆಸಿ ಕಟ್ಟಿಸಿಕೊಳ್ಳಿ.