ಯುಗಾದಿಗೆ ಊರಿಗೆ ಹೋಗದೆ ಜೊತೆಗಿರುವವರೊಂದಿಗೆ ಮಾಡಿದರೆ ಹಬ್ಬ ಅನ್ನಿಸುತ್ತಾ?

ಬೆಂಗಳೂರಿಗೆ ಬಂದ ಮೇಲೆ ಮೊದಲ ಯುಗಾದಿ, ರಜೆ ಸಿಕ್ಕಿಲ್ಲ, ಬಾಡಿಗೆ ಮನೆಯಲ್ಲಿ ಜೊತೆಗಿರುವ ಗೆಳತಿಯರೊಂದಿಗೆ ಮಾಡಿದರೆ ಹಬ್ಬ ಅನ್ನಿಸುತ್ತಾ, ಇಲ್ಲ ಸುಮ್ನೆ ಇನ್ನೊಂದು ರಜೆಯ ಊಟ ಆಗಿಬಿಡುತ್ತಾ ಅಂತ ಕೇಳಿದ್ದೀರಿ.

ಅನ್ನಿಸುತ್ತೆ. ಆದರೆ ಹೋಟೆಲಿನಿಂದ ಹಬ್ಬದೂಟ ಮಾತ್ರ ತರಿಸಬೇಡಿ. ಕೋಸಂಬರಿಯಿಂದ ಹಿಡಿದು ಪಾಯಸದವರೆಗೆ ಎಲ್ಲಾ ಡಬ್ಬಿಯಲ್ಲಿ ಬರುತ್ತೆ, ರುಚಿಯೂ ಇರುತ್ತೆ. ಉಂಡು ಕೈ ತೊಳೆದ ಮೇಲೆ ಎಲ್ಲರೂ ಫೋನ್ ಹಿಡಿದು ಒಂದೊಂದು ಮೂಲೆ ಸೇರುತ್ತಾರೆ. ಅಡುಗೆಮನೆಯಲ್ಲಿ ಸ್ವಲ್ಪ ಜಗಳ ಆಗಬೇಕು. "ನಮ್ಮನೇಲಿ ಹಿಂಗಲ್ಲ" ಅಂತ ಯಾರಾದರೂ ಸೌಟು ಕಿತ್ತುಕೊಳ್ಳಬೇಕು. ಅತಿಥಿಗಳು ಹಾಗೆ ಮಾಡಲ್ಲ, ಮನೆಯವರು ಮಾಡುತ್ತಾರೆ.

ನಾನು ವಿಜಯಪುರದ ಕಡೆಯವಳು. ಜೊತೆಗಿದ್ದವರಲ್ಲಿ ಒಬ್ಬಳು ಮದ್ದೂರಿನವಳು. ಇನ್ನೊಬ್ಬಳು ಹುಬ್ಬಳ್ಳಿಯವಳು, ನರ್ಸ್, ಮುಸ್ಲಿಂ ಮನೆತನದವಳು. ಡ್ಯೂಟಿ ಇದ್ದದ್ದರಿಂದ ಅವಳೂ ಹಬ್ಬಕ್ಕೆ ಊರಿಗೆ ಹೋಗುವ ಹಾಗಿರಲಿಲ್ಲ. 2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30, ಭಾನುವಾರ. ಮರುದಿನ ರಂಜಾನ್. ಮದ್ದೂರಿನವಳಿಗೆ ಅದೇ ಸೋಮವಾರ ಹೊಸತೊಡಕು, ಅಂದರೆ ಯುಗಾದಿ ಮರುದಿನದ ಬಾಡೂಟ, ಮಾಂಸದೂಟ.

ಜಗಳ ಶುರುವಾಗಿದ್ದು ಬೇಳೆಯಿಂದ. ನಮ್ಮ ಕಡೆ ಹೋಳಿಗೆಗೆ ಕಡಲೆಬೇಳೆ. ಮದ್ದೂರಿನವಳಿಗೆ ತೊಗರಿಬೇಳೆಯೇ ಆಗಬೇಕು. "ಕಡ್ಲೆಬೇಳೆ ಹಾಕುದ್ರೆ ಸಾರು ಯಾವುದ್ರಲ್ಲಿ ಮಾಡ್ತೀಯ ಕಣೆ?" ಅಂದಳು. ಬೇಳೆ ಬಸಿದ ಕಟ್ಟಿನಲ್ಲಿ ನಾವೂ ಸಾರು ಮಾಡುತ್ತೇವೆ, ನಮ್ಮದೇ ಜಾಸ್ತಿ ರುಚಿ ಅಂತ ನಾನು. ಕೊನೆಗೆ ಎರಡೂ ಬೇಯಿಸಿದೆವು. ರುಬ್ಬುವ ಹೊತ್ತಿಗೆ ಮಿಕ್ಸಿ ಬಿಸಿಯಾಗಿ ನಿಂತುಹೋಯಿತು. ಕೆಳಗಿನ ಓನರ್ ಆಂಟಿ ತಮ್ಮ ಮಿಕ್ಸಿ ಕೊಟ್ಟರು, ಜೊತೆಗೆ ಒಂದಷ್ಟು ಸಲಹೆಗಳನ್ನೂ.

ಹುಬ್ಬಳ್ಳಿಯವಳಿಗೆ ಅವತ್ತು ಕೊನೆಯ ರೋಜಾ. ನೀರೂ ಕುಡಿಯದವಳನ್ನು ಒಲೆ ಮುಂದೆ ನಿಲ್ಲಿಸಬಾರದು ಅಂದುಕೊಂಡಿದ್ದೆವು. ಅವಳು ಕೇಳಲಿಲ್ಲ. ನಾವು ತಟ್ಟಿದ ಹೋಳಿಗೆ ಅಂಚಿನಲ್ಲೆಲ್ಲಾ ಹರಿದು ಹೂರಣ ಹೊರಗೆ ಬರುತ್ತಿತ್ತು. ಅವಳು ಒಂದು ಉಂಡೆ ಕೈಗೆತ್ತಿಕೊಂಡು ಬೆರಳಲ್ಲಿ ಒತ್ತಿ ನೋಡಿದಳು. "ಹೂರಣ ಸಡ್ಲ ಆಗೈತಿ, ಅದಕ್ಕ ಹರಿಯಾಕತ್ತೈತಿ" ಅಂದು ಎಲ್ಲವನ್ನೂ ವಾಪಸ್ ಬಾಣಲೆಗೆ ಹಾಕಿ ನೀರಿನಂಶ ಆರುವ ತನಕ ಕೆದಕಿದಳು. ಆಮೇಲೆ ಕೈಗೆ ಎಣ್ಣೆ ಸವರಿಕೊಂಡು ಬಾಳೆ ಎಲೆ ಮೇಲೆ ನಡುವಿನಿಂದ ಅಂಚಿಗೆ ಮೆಲ್ಲಗೆ ತಟ್ಟುತ್ತಾ ಹೋದಳು. ಒಂದೂ ಹರಿಯಲಿಲ್ಲ. ಸಿಹಿ ಸಾಕಾ ಅಂತ ಕೇಳಿದರೆ ಮಾತ್ರ, "ನನ್ನ ಯಾಕ ಕೇಳ್ತೀರಿ, ನೀವ ತಿಂದ್ ನೋಡ್ರಿ" ಅಂತ ನಗುತ್ತಿದ್ದಳು.

ನಮ್ಮ ಕಡೆ ಯುಗಾದಿಗೆ ಬೇವು ಕುಡಿಯುತ್ತೇವೆ. ಹುಣಸೆರಸ, ಬೆಲ್ಲದ ನೀರು, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಮೇಲೆ ಬೇವಿನ ಹೂವು. ಬೇವಿನೆಲೆಯನ್ನು ಬೆಲ್ಲದ ಜೊತೆ ಅಗಿದು ರೂಢಿಯಿದ್ದ ಮದ್ದೂರಿನವಳು ಲೋಟವನ್ನು ಅನುಮಾನದಿಂದ ನೋಡಿದಳು. ಸಂಜೆ ಹೊತ್ತಿಗೆ ಅವಳೇ ಪಾತ್ರೆ ಖಾಲಿ ಮಾಡಲು ಬಂದಳು. ರೋಜಾ ಬಿಡುವವಳಿಗೆ ಅಂತ ಒಂದು ಲೋಟ ಮುಚ್ಚಿಟ್ಟಿದ್ದೆ, ಪುಣ್ಯಕ್ಕೆ ಉಳಿಯಿತು.

ಯುಗಾದಿ ಸಂಜೆ ಚಂದ್ರನನ್ನು ನೋಡಬೇಕು, ಅಲ್ವಾ? ರಂಜಾನ್‌ಗೂ ಚಂದ್ರ ಕಾಣಬೇಕು. ಹಾಗಾಗಿ ಖರ್ಜೂರ, ಬೇವು ಎಲ್ಲಾ ಮುಗಿಸಿ ಒಟ್ಟಿಗೇ ಟೆರೇಸಿಗೆ ಹೋದೆವು. ಪಡುವಣಕ್ಕೆ ನೀರಿನ ಟ್ಯಾಂಕುಗಳು, ಕೇಬಲ್ಲುಗಳು, ಎದುರು ಬಿಲ್ಡಿಂಗಿನ ಬಟ್ಟೆ. ಅದರ ನಡುವೆ ಉಗುರು ಕತ್ತರಿಸಿ ಎಸೆದಂಥ ಚಂದ್ರ. ಮೊದಲು ಕಂಡದ್ದು ಮದ್ದೂರಿನವಳಿಗೆ. ಹುಬ್ಬಳ್ಳಿಯವಳು ದುವಾ ಮಾಡಿದಳು, ನಾವು ಕೈ ಮುಗಿದೆವು. ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲಿಗೆ ಬೀಳಬೇಕು ಅಂತ ಮದ್ದೂರಿನವಳು ಹಟ ಹಿಡಿದಳು. ಆಂಟಿಗೆ ಬಿದ್ದೆವು. ಮಿಕ್ಸಿ ತೊಳೆದು ಕೊಟ್ಟಿರಾ ಅಂತ ಕೇಳಿಯೇ ಆಶೀರ್ವಾದ ಮಾಡಿದರು.

ಸೋಮವಾರ ಇನ್ನೊಂದು ತಕರಾರು. "ಸೋಮವಾರ ಬಾಡು ಮುಟ್ಟಬೇಡ, ಮಂಗಳವಾರ ಮಾಡ್ಕೊ" ಅಂತ ಮದ್ದೂರಿನಿಂದ ಅವರಮ್ಮನ ಫೋನ್. ಅಷ್ಟು ಕೇಳಿಸಿಕೊಂಡ ಹುಬ್ಬಳ್ಳಿಯವಳು ತನ್ನ ಬಿರಿಯಾನಿಯನ್ನೇ ಮಂಗಳವಾರಕ್ಕೆ ತಳ್ಳಿದಳು. ಯಾರೂ ಹೇಳಿರಲಿಲ್ಲ. ರಂಜಾನ್ ದಿನ ನಮ್ಮ ಮನೆಯಲ್ಲಿ ಸುರಕುಂಬ, ಅಂದರೆ ಹಾಲು-ಶಾವಿಗೆಯ ಸಿಹಿ, ಮತ್ತು ಉಳಿದ ಹೋಳಿಗೆ. ಮಂಗಳವಾರ ಬಾಡಿನ ಸಾರು, ಬಿರಿಯಾನಿ ಎರಡೂ. ನಾನು ಸಸ್ಯಾಹಾರಿ. ನನಗೆ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಎಣಗಾಯಿ ಇತ್ತು, ನಾನು ಕೇಳದೇನೇ. ಊರು, ಜಾತಿ, ಧರ್ಮ ಬೇರೆ ಇದ್ದರೆ ಒಟ್ಟಿಗೆ ಹಬ್ಬ ಮಾಡುವುದು ಕಷ್ಟ ಅನ್ನುವವರಿದ್ದಾರೆ. ನನಗೆ ಒಂದೇ ಊರಿನವರ ಜೊತೆ ಮಾಡಿದ್ದೂ ಗೊತ್ತು. ಇಷ್ಟು ಮಜಾ ಇರಲಿಲ್ಲ.

ಅವ್ವನಿಗೆ ಬೇಜಾರಾಗುತ್ತೆ, ಅದಕ್ಕೆ ಮದ್ದಿಲ್ಲ. ವಿಡಿಯೋ ಕಾಲ್‌ನಲ್ಲಿ "ಇಲ್ಲಿ ಬಹಳ ಚೆನ್ನಾಗಿತ್ತು" ಅಂತ ಜಾಸ್ತಿ ಹೊಗಳಬೇಡಿ. ಹೋಳಿಗೆ ಯಾಕೆ ಹರಿಯುತ್ತೆ ಅಂತ ಕೇಳಿ, ಗೊತ್ತಿದ್ದರೂ ಕೇಳಿ. ನಿಮ್ಮಲ್ಲಿ ಯಾರಾದರೂ ಊರು ನೆನಪಾಗಿ ಮುಸುಕು ಹಾಕಿಕೊಂಡು ಮಲಗಿದರೆ ಎಬ್ಬಿಸಿ ಕುಣಿಸಲು ಹೋಗಬೇಡಿ. ಹಸಿವಾದಾಗ ಎದ್ದು ಬರುತ್ತಾರೆ.

ಖರ್ಚನ್ನು ಬೇಳೆಗಿಷ್ಟು, ತುಪ್ಪಕ್ಕಿಷ್ಟು ಅಂತ ಆ್ಯಪಿನಲ್ಲಿ ಭಾಗ ಹಾಕುವುದು ನನಗೆ ಸರಿಬರಲ್ಲ. ಯಾರಿಗೆ ಏನು ಆಗುತ್ತೋ ಅದನ್ನು ತರಲಿ. ಮಾವಿನೆಲೆ, ಬೇವು, ಹೂವು ಮಾತ್ರ ಹಿಂದಿನ ದಿನವೇ ತಂದಿಡಿ. ಹಬ್ಬದ ಬೆಳಿಗ್ಗೆ ಹೋದರೆ ಒಂದು ಹಿಡಿ ಬೇವಿಗೂ ಅವರು ಹೇಳಿದ್ದೇ ರೇಟು.