ಸ್ಟೋನ್‌ಹೆಂಜ್ ಕಲ್ಲುಗಳ ತವರೂರು ಯಾವುದು?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಪುರಾತನ ಜನ ವೃತ್ತಾಕಾರವಾಗಿ ನಿಲ್ಲಿಸಿದ ಸ್ಟೋನ್‌ಹೆಂಜ್ ಕಲ್ಲುಗಳು ಇಂಥ ಜಾಗದಿಂದಲೇ ಬಂದವು ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ಎಲ್ಲಾ ಕಲ್ಲೂ ಒಂದೇ ಅಲ್ವಾ? ಆ ನಾಡಿನಲ್ಲಿ ಚಕ್ರವೂ ಇಲ್ಲದ ಕಾಲದಲ್ಲಿ ಅವನ್ನು ಸಾಗಿಸಿದ್ದಾದರೂ ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಲ್ಲಿಗೂ ಊರು ಇರುತ್ತದೆ. ಅಲ್ಲಿನ ಚಿಕ್ಕ ನೀಲಿಗಲ್ಲುಗಳ ಊರು ಬೇಗ ಪತ್ತೆಯಾಯಿತು. ಅವುಗಳ ಮೈಮೇಲಿನ ಬಿಳಿ ಚುಕ್ಕೆ ನೋಡಿ, ಇವು ವೇಲ್ಸ್‌ನ ಪ್ರೆಸೆಲಿ ಬೆಟ್ಟದವು ಎಂದು ಭೂವಿಜ್ಞಾನಿ ಹರ್ಬರ್ಟ್ ಥಾಮಸ್ 1923ರಲ್ಲೇ ಹೇಳಿದ್ದರು. ಅಲ್ಲಿಂದ ಇಲ್ಲಿಗೆ 200 ಕಿ.ಮೀ.ಗೂ ಜಾಸ್ತಿ ದೂರ.

ತಲೆನೋವಾಗಿದ್ದು ದೊಡ್ಡ ಕಲ್ಲುಗಳು. ಇವನ್ನು ಸಾರ್ಸೆನ್ ಅನ್ನುತ್ತಾರೆ, ಒಂದೊಂದೂ ಸರಾಸರಿ 25 ಟನ್. ಇವು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು; ಅದನ್ನಷ್ಟೇ ನೋಡಿದರೆ ಊರು ಗೊತ್ತಾಗುವುದಿಲ್ಲ. ಹಾಗಾಗಿ ಅದರೊಳಗೆ ಚೂರುಪಾರು ಬೆರೆತಿರುವ ಬೇರೆ ಧಾತುಗಳನ್ನು ಅಳೆಯಬೇಕು. ಅದಕ್ಕೆ ಕಲ್ಲಿನ ತುಂಡೊಂದು ಬೇಕು. ಆದರೆ ಸ್ಟೋನ್‌ಹೆಂಜ್ ಒಡೆಯಲು ಯಾರು ಬಿಡುತ್ತಾರೆ?

ಇಲ್ಲೇ ಅದೃಷ್ಟ ಕೈಹಿಡಿದಿದ್ದು. 1958ರಲ್ಲಿ ಬಿರುಕು ಬಿಟ್ಟಿದ್ದ ಒಂದು ಕಲ್ಲಿಗೆ ಕಬ್ಬಿಣದ ಸರಳು ಕೂಡಿಸಲು ತೂತು ಕೊರೆದಿದ್ದರು. ಆಗ ಹೊರಬಂದ ಸುಮಾರು ಒಂದು ಮೀಟರ್ ಉದ್ದದ ಕಲ್ಲಿನ ಕೋಲನ್ನು ಕೆಲಸಗಾರರೊಬ್ಬರು ನೆನಪಿಗೆಂದು ಇಟ್ಟುಕೊಂಡರು. ಅದು ಅವರ ಜೊತೆ ಅಮೆರಿಕಕ್ಕೂ ಹೋಯಿತು. ಅರವತ್ತು ವರ್ಷ ಆದ ಮೇಲೆ ಅವರೇ ಅದನ್ನು ವಾಪಸ್ ಕಳಿಸಿದರು. ಬ್ರೈಟನ್ ವಿಶ್ವವಿದ್ಯಾಲಯದ ಡೇವಿಡ್ ನ್ಯಾಶ್ ತಂಡ ಅದರ ಚೂರನ್ನು ಬೇರೆ ಬೇರೆ 20 ಜಾಗಗಳ ಸಾರ್ಸೆನ್ ಜೊತೆ ಹೋಲಿಸಿತು. ಹೊಂದಿಕೆಯಾಗಿದ್ದು ಒಂದಕ್ಕೇ: ಸುಮಾರು 25 ಕಿ.ಮೀ. ಉತ್ತರದ ವೆಸ್ಟ್ ವುಡ್ಸ್. ಇದು 2020ರ ಮಾತು. ಉಳಿದಿರುವ 52 ಸಾರ್ಸೆನ್‌ಗಳಲ್ಲಿ 50ರ ರಸಾಯನ ಒಂದೇ ಥರ ಇದೆ. ಎರಡು ಮಾತ್ರ ಬೇರೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸುದ್ದಿ 2024ರದ್ದು. ನಡುವೆ ಬಿದ್ದಿರುವ ಆರು ಟನ್ ತೂಕದ ‘ಆಲ್ಟರ್ ಸ್ಟೋನ್’ ಕೂಡ ವೇಲ್ಸ್‌ನದು ಎಂದೇ ನೂರು ವರ್ಷ ನಂಬಿದ್ದರು. ಅದರೊಳಗಿನ ಜಿರ್ಕಾನ್‌ನಂಥ ಖನಿಜದ ಕಣಗಳ ವಯಸ್ಸು ಲೆಕ್ಕ ಹಾಕಿ ಬೇರೆ ಕಡೆಯ ಕಲ್ಲುಗಳ ಜೊತೆ ಹೋಲಿಸಿದರೆ ಅದು ಸ್ಕಾಟ್‌ಲ್ಯಾಂಡಿನ ಈಶಾನ್ಯ ಭಾಗದ ಕಲ್ಲು! 700 ಕಿ.ಮೀ.ಗೂ ಜಾಸ್ತಿ ದೂರ.

ಇನ್ನು ಸಾಗಣೆ. ಮರದ ಜಾರುಬಂಡಿ, ಹಗ್ಗ, ಜನ – ಇಷ್ಟು ಸಾಕು. 2016ರಲ್ಲಿ ಲಂಡನ್ನಿನಲ್ಲಿ ಪ್ರಯೋಗ ಮಾಡಿದಾಗ ಒಂದು ಟನ್ ಕಲ್ಲನ್ನು ಬರೀ 10 ಜನ ಸಲೀಸಾಗಿ ಎಳೆದರು. 25 ಟನ್ನಿಗೆ ಜನ ಜಾಸ್ತಿ ಬೇಕು, ಅನ್ಯಗ್ರಹದವರು ಬೇಕಿಲ್ಲ. ನನಗೆ ಎಳೆದದ್ದಕ್ಕಿಂತ ಕೂಡಿಸಿದ ರೀತಿ ಹೆಚ್ಚು ಬೆರಗು ಹುಟ್ಟಿಸುತ್ತದೆ. ಅಲ್ಲಿ ಈಗ ನಿಂತಿರುವುದರಲ್ಲೇ ಎತ್ತರದ ಕಲ್ಲಿನ ನೆತ್ತಿ ನೋಡಿ. ಒಂದು ಗುಬುಟು ಎದ್ದು ಕಾಣುತ್ತದೆ. ಮೇಲಿನ ಅಡ್ಡಗಲ್ಲಿನ ಗುಳಿಯೊಳಗೆ ಅದು ಕೂರಬೇಕಿತ್ತು. ಬಡಗಿ ಬಾಗಿಲಿನ ಚೌಕಟ್ಟು ಜೋಡಿಸುವ ಹಾಗೆ! ಉಕ್ಕಿನ ಉಳಿ ಇರಲಿಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ, ಸುತ್ತಲೂ ಅಷ್ಟು ಸವೆಸಿ ಆ ಗುಬುಟು ಉಳಿಸಿದ್ದಾರೆ.

ಪ್ರಶ್ನೆ: ಕಲ್ಲಿಗೆ ಕಾರ್ಬನ್ ಪರೀಕ್ಷೆ ಆಗುವುದಿಲ್ಲವಲ್ಲ. ಹಾಗಿದ್ದರೆ ವಯಸ್ಸು ಹೇಗೆ ಗೊತ್ತಾಯಿತು?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಸರಿಯಾಗಿ ಕೇಳಿದಿರಿ. ಒಮ್ಮೆ ಜೀವ ಇದ್ದ ವಸ್ತುವಿಗೆ ಮಾತ್ರ ಆ ಪರೀಕ್ಷೆ ನಡೆಯುತ್ತದೆ. ಸ್ಟೋನ್‌ಹೆಂಜ್ ಕಟ್ಟಿದವರು ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು ಅದರ ಸುತ್ತಲಿನ ಕಂದಕ ಅಗೆದರು. ಕೆಲಸ ಮುಗಿದ ಮೇಲೆ ಆ ಕೊಂಬುಗಳನ್ನು ಕಂದಕದ ತಳದಲ್ಲೇ ಬಿಟ್ಟರು. ಅವುಗಳಿಂದ ಕಂದಕ ಸುಮಾರು ಕ್ರಿ.ಪೂ. 3000ದ್ದು ಎಂದು ತಿಳಿಯಿತು. ಸಾರ್ಸೆನ್‌ಗಳು ನಿಂತದ್ದು ಸುಮಾರು ಕ್ರಿ.ಪೂ. 2500ರಲ್ಲಿ. ಮೂರು ಕಿ.ಮೀ. ದೂರದ ಡರಿಂಗ್ಟನ್ ವಾಲ್ಸ್‌ನಲ್ಲಿ ಅದೇ ಕಾಲದ ಮನೆಗಳೂ ರಾಶಿ ರಾಶಿ ಹಂದಿ ಮೂಳೆಗಳೂ ಸಿಕ್ಕಿವೆ. ಹಲ್ಲು ನೋಡಿದರೆ ಎಷ್ಟೋ ಹಂದಿಗಳು ಸುಮಾರು ಒಂಬತ್ತು ತಿಂಗಳಿನವು. ವಸಂತದಲ್ಲಿ ಹುಟ್ಟಿದವನ್ನು ನಡುಚಳಿಗಾಲದಲ್ಲಿ ಕೊಂದಿದ್ದಾರೆ. ಅಂದರೆ ಆಗ ಜೋರು ಊಟ ನಡೆದಿದೆ. ಮೂಳೆಯ ರಸಾಯನ ನೋಡಿದರೆ ಕೆಲವು ಹಂದಿಗಳು ತುಂಬಾ ದೂರದ ಊರುಗಳಲ್ಲಿ ಬೆಳೆದವು. ಆಲ್ಟರ್ ಸ್ಟೋನ್ ಅಷ್ಟು ದೂರದಿಂದ ಯಾಕೆ ಬಂತು ಅನ್ನುವುದಕ್ಕೆ ಉತ್ತರ ಈ ಕೂಟದಲ್ಲೇ ಇರಬಹುದು ಅಂತ ನನ್ನ ಊಹೆ.

ಪ್ರಶ್ನೆ: ನಮ್ಮ ಹಿರೇಬೆಣಕಲ್‌ನ ಕಲ್ಗೋರಿಗಳನ್ನು ಕಟ್ಟಿದವರೂ ಇದೇ ಜನವೇ?
– ಗಂಗಾವತಿಯಿಂದ

ಉತ್ತರ: ಅಲ್ಲ. ಆದರೆ ಈ ಅನುಮಾನ ಹಳೆಯದು. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1850ರ ದಶಕದಲ್ಲಿ ಆ ಸೀಮೆಯ ಕಲ್ಗೋರಿಗಳನ್ನು ಅಗೆದು, ತಮ್ಮ ನಾಡಿನವುಗಳ ಜೊತೆ ಹೋಲಿಸಿ ನಂಟು ಹುಡುಕಿದ್ದರು. ಹಿರೇಬೆಣಕಲ್‌ನವು ಕಬ್ಬಿಣ ಯುಗದವು. ಸ್ಟೋನ್‌ಹೆಂಜ್‌ಗಿಂತ ಸಾವಿರಕ್ಕೂ ಜಾಸ್ತಿ ವರ್ಷ ಈಚಿನವು.